ಗೋದಾಮಿನ ಮಾಡು ಸೋರಿದಾಗ: ಬಾಡಿಗೆ ಕರಾರಿನ ನನ್ನ ಅನುಭವ

ಸಾಗರದಲ್ಲಿ ನನ್ನದು ಅಡಿಕೆ ವ್ಯಾಪಾರ. ಗೋದಾಮು ಬಾಡಿಗೆಯದು, ಹಳೇ ಹೆಂಚಿನ ಮಾಡು. ಗೋದಾಮು ಹಿಡಿಯುವಾಗ ಎಲ್ಲರೂ ಅಡ್ವಾನ್ಸ್ ಎಷ್ಟು, ಬಾಡಿಗೆ ಎಷ್ಟು ಅಂತ ಚೌಕಾಸಿ ಮಾಡುತ್ತಾರೆ. ಸೋರಿದರೆ ರಿಪೇರಿ ಯಾರದ್ದು ಅಂತ ಕೇಳುವವರು ಕಡಿಮೆ. ಮಲೆನಾಡಲ್ಲಿ ಮೊದಲು ಕೇಳಬೇಕಾದ್ದೇ ಅದು. ನಾನು ಕರಾರಲ್ಲಿ ಒಂದು ಸಾಲು ಬರೆಸಿದ್ದೆ: ‘ಹೆಂಚು, ರೀಪು, ಪಕಾಸಿನ ರಿಪೇರಿ ಮಾಲೀಕರದ್ದು.’ ರೀಪು, ಪಕಾಸು ಅಂದರೆ ಹೆಂಚು ಹೊರುವ ಮರದ ಪಟ್ಟಿಗಳು.

ಆ ವರ್ಷ ಮೃಗಶಿರ ಮಳೆ ಹಿಡಿಯುತ್ತಿದ್ದ ಹಾಗೇ ಮೂಲೆಯಲ್ಲಿ ನೀರಿಳಿಯಿತು. ಗೋಡೆ ಪಕ್ಕದ ‘ರಾಶಿ ಇಡಿ’ ದರ್ಜೆಯ ಅಡಿಕೆ ಚೀಲ ಬಿಚ್ಚಿದರೆ ಅಡಿಕೆ ಮೇಲೆ ಬಿಳೀ ಬೂಷ್ಟು. ಅಂಥ ಮಾಲನ್ನು ಮಂಡಿಯಲ್ಲಿ ಯಾರು ಕೇಳುತ್ತಾರೆ? ಮಾಲೀಕರಿಗೆ ಫೋನ್ ಮಾಡಿದಾಗಲೆಲ್ಲ ‘ನೋಡೋಣ’ ಅಂದರು.

ಅಂಗಡಿ ಬಾಡಿಗೆ ಅಂದ ತಕ್ಷಣ ಜನ ಬಾಡಿಗೆ ಕಾಯ್ದೆ ಅಂತಾರೆ. ಆದರೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ ವ್ಯಾಪಾರದ ಜಾಗಗಳಲ್ಲಿ 14 ಚದರ ಮೀಟರ್ ಮೀರದ ಮಳಿಗೆಗಳಿಗಷ್ಟೇ. ಗೋದಾಮಿನಂಥ ದೊಡ್ಡ ಜಾಗಕ್ಕೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯೇ ಗತಿ. ಅದರ 108ನೇ ಕಲಂ ಹೇಳುವುದು ಇಷ್ಟು: ಮಾಲೀಕನ ಹೊಣೆಯ ರಿಪೇರಿಯನ್ನು ನೋಟಿಸ್ ಕೊಟ್ಟ ಮೇಲೂ ಸಕಾಲದಲ್ಲಿ ಮಾಡಿಸದಿದ್ದರೆ, ಬಾಡಿಗೆದಾರನೇ ಮಾಡಿಸಿ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಹೊಣೆ ಮಾಲೀಕನದ್ದು ಅಂತ ಕರಾರಲ್ಲಿ ಇಲ್ಲದಿದ್ದರೆ ಈ ಹಕ್ಕು ಕೇಳುವುದು ಕಷ್ಟ. ನನ್ನ ಆ ಸಾಲಿಗೆ ಬೆಲೆ ಬಂದಿದ್ದು ಇಲ್ಲೇ.

ಫೋನ್ ಬಿಟ್ಟು ಪತ್ರ ಬರೆದೆ. ಕರಾರಿನ ಸಾಲು, ಸೋರುವ ಜಾಗದ ಫೋಟೋ, ಬಡಗಿಯ ಎಸ್ಟಿಮೇಟ್, ಒಂದು ಗಡುವು. ಎಲ್ಲ ಸೇರಿಸಿ ಅಂಚೆಯಲ್ಲಿ ಕಳಿಸಿ ರಸೀದಿ ಇಟ್ಟುಕೊಂಡೆ. ಗಡುವು ಮುಗಿದರೂ ಉತ್ತರ ಇಲ್ಲ. ಮಳೆ ಬಿಟ್ಟು ಹೊಳವಾದ ದಿನ ನೋಡಿ, ಕೊಳೆತು ಕುಂಬಾದ ಪಕಾಸು ಬದಲಾಯಿಸಿ, ಹೆಂಚು ಕೈಯಾಡಿಸಿದೆ, ಅಂದರೆ ಹೆಂಚು ತೆಗೆದು, ಒಡೆದದ್ದು ಬದಲಿಸಿ, ಮತ್ತೆ ಹೊದಿಸಿದೆ. ಮರ, ಹೆಂಚು, ಕೂಲಿ, ಪ್ರತಿಯೊಂದಕ್ಕೂ ಬಿಲ್ಲು ತಗೊಂಡೆ. ಖರ್ಚು ಮುರಿದುಕೊಂಡು ಉಳಿದ ಬಾಡಿಗೆಯನ್ನು ಎಂದಿನ ತಾರೀಖಿಗೇ ಮಾಲೀಕರ ಬ್ಯಾಂಕ್ ಖಾತೆಗೆ ಹಾಕಿ, ಲೆಕ್ಕದ ಹಾಳೆ ಕಳಿಸಿದೆ. ಬಡ್ಡಿ ಮುರಿಯಲಿಲ್ಲ. ಸಿಟ್ಟಲ್ಲಿ ಬಾಡಿಗೆ ಪೂರ್ತಿ ನಿಲ್ಲಿಸುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಆಗ ಬಾಕಿದಾರರು ನೀವೇ ಆಗುತ್ತೀರಿ.

ಮಾಲೀಕರು ವಕೀಲರಿಂದ ನೋಟಿಸ್ ಕೊಡಿಸಿದರು: 15 ದಿನದಲ್ಲಿ ಖಾಲಿ ಮಾಡಿ. ಮನೆಯವರು ಹೆದರಿದರು. ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಂ ಪ್ರಕಾರ ತಿಂಗಳ ಬಾಡಿಗೆಗೆ 15 ದಿನದ ನೋಟಿಸ್ ಸಾಕು, ನಿಜ. ಆದರೆ ಅದು ಬಾಡಿಗೆ ಸಂಬಂಧ ಮುಗಿಸುತ್ತದೆ ಅಷ್ಟೇ. ನಾವು ಬಿಡದಿದ್ದರೆ ಅವರು ಕೋರ್ಟಿಗೇ ಹೋಗಬೇಕು. ಸುಮ್ನೆ ಬಂದು ಬೀಗ ಜಡಿಯುವ ಹಾಗಿಲ್ಲ. ಜಡಿದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂನಡಿ 6 ತಿಂಗಳೊಳಗೆ ದಾವೆ ಹಾಕಿ ಸ್ವಾಧೀನ ವಾಪಸ್ ಕೇಳಬಹುದು. ನಮ್ಮ ವಕೀಲರು ಇದನ್ನೇ ಬರೆದು, ಬಿಲ್ಲುಗಳ ಪ್ರತಿ ಜೊತೆಗಿಟ್ಟು ಉತ್ತರ ಕೊಟ್ಟರು.

ಆಮೇಲೆ ಮಾತುಕತೆಗೆ ದಾರಿಯಾಯಿತು. ಮುರಿದುಕೊಂಡ ಖರ್ಚನ್ನು ಅವರು ಒಪ್ಪಿದರು, ಬಾಡಿಗೆ ಸ್ವಲ್ಪ ಏರಿಸಲು ನಾನು ಒಪ್ಪಿದೆ. ಹೊಸ ಕರಾರು ಸ್ಟಾಂಪ್ ಕಾಗದದಲ್ಲಿ, 11 ತಿಂಗಳಿಗೆ. ಒಂದು ವರ್ಷ ಮೀರಿದರೆ ನೋಂದಣಿ ಕಡ್ಡಾಯ. ಈ ಸಲ ಸಾಲು ಉದ್ದವಾಗಿದೆ: ‘ಮೇ ಮುಗಿಯುವುದರೊಳಗೆ ಮಾಲೀಕರು ಹೆಂಚು ಕೈಯಾಡಿಸಬೇಕು. ತಪ್ಪಿದರೆ ಬಾಡಿಗೆದಾರರು ಮಾಡಿಸಿ, ಬಿಲ್ಲು ತೋರಿಸಿ, ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು.’