ಎಫ್‌ಟಿಪಿಗೆ ಲೋಡ್ ಬ್ಯಾಲೆನ್ಸರ್ ಆಗಲ್ಲ ಅಂದವರಿಗೆ: ಮೂರು ಹಳೇ ಡಬ್ಬಿಗಳ ನನ್ನ ಅನುಭವ

ಹೋದ ಮದುವೆ ಸೀಸನ್‌ನಲ್ಲಿ ನಮ್ಮ ಲ್ಯಾಬಿನ ಎಫ್‌ಟಿಪಿ, ಅಂದ್ರೆ ಗಿರಾಕಿಗಳು ನೆಟ್ ಮೂಲಕ ಫೈಲು ಕಳಿಸೋ ವ್ಯವಸ್ಥೆ, ಒಂದು ರಾತ್ರಿಯೂ ಬೀಳಲಿಲ್ಲ. ಇದನ್ನು ಮೊದಲೇ ಹೇಳಿಬಿಡ್ತೀನಿ. ಅದರ ಕೆಲಸವನ್ನು ಹಲವು ಮಷೀನಿಗೆ ಹಂಚೋ ಲೋಡ್ ಬ್ಯಾಲೆನ್ಸರ್ ಹಾಕ್ತೀನಿ ಅಂದ್ರೆ ಎರಡು ವರ್ಷದಿಂದ ಕಂಡಕಂಡವರ ಬಾಯಲ್ಲಿ "ಅದು ಆಗೂದಲ್ಲ ಬಿಡ್ರೀ" ಅಂತ ಕೇಳಿ ಕೇಳಿ ಸಾಕಾಗಿತ್ತು.

ನಾನು ಹುಬ್ಬಳ್ಳಿಯ ಒಂದು ಕಲರ್ ಲ್ಯಾಬಿನಲ್ಲಿ ಕಂಪ್ಯೂಟರ್, ನೆಟ್‌ವರ್ಕ್, ಕೆಲವೊಮ್ಮೆ ಇನ್ವರ್ಟರ್ ಕೂಡ ನೋಡಿಕೊಳ್ಳೋನು. ನಮ್ಮ ಮುಖ್ಯ ಕೆಲಸ ಮದುವೆ ಆಲ್ಬಮ್. 12×36 ಇಂಚಿನ ಹಾಳೆ, 300 ಡಿಪಿಐ, ಅಂದ್ರೆ 3600×10800 ಪಿಕ್ಸೆಲ್. ಒಂದೊಂದು ಜೆಪೆಗ್ 15ರಿಂದ 20 ಎಂಬಿ ಬರುತ್ತೆ, 40 ಹಾಳೆಯ ಆಲ್ಬಮ್ ಅಂದ್ರೆ 700, 800 ಎಂಬಿ. ಗದಗ, ಹಾವೇರಿ, ಶಿರಸಿ, ಬಾಗಲಕೋಟೆ ಕಡೆಯ ಫೋಟೋಗ್ರಾಫರ್‌ಗಳು ಹಗಲೆಲ್ಲಾ ಶೂಟಿಂಗ್‌ನಲ್ಲಿರ್ತಾರೆ, ರಾತ್ರಿ ಊಟ ಮಾಡಿ ಅಪ್‌ಲೋಡ್‌ಗೆ ಕೂರ್ತಾರೆ. ಹಾಗಾಗಿ ಒಂಬತ್ತರಿಂದ ಒಂದು ಗಂಟೆವರೆಗೆ ನಮ್ಮ 200 ಎಂಬಿಪಿಎಸ್ ಲೈನು ತುಂಬಿ ತುಳುಕುತ್ತೆ. ಸೀಸನ್‌ನಲ್ಲಿ ರಾತ್ರಿಗೆ ಮುನ್ನೂರರ ಹತ್ತಿರ ಆಲ್ಬಮ್. ಆಷಾಢ ಬಂತು ಅಂದ್ರೆ ನೊಣ ಹೊಡೀತಾ ಕೂರೋದು. ನನ್ನ ಪ್ರಯೋಗ ಎಲ್ಲಾ ಆಷಾಢದಲ್ಲೇ. ಅದೇ ನಾನು ಮೊದಲು ಬಿದ್ದ ಗುಂಡಿ ಕೂಡ: ಆಷಾಢದಲ್ಲಿ ಓಡಿದ್ದು ವೈಶಾಖದಲ್ಲಿ ಓಡಲ್ಲ.

ಈಗಲೂ ಎಫ್‌ಟಿಪಿ ಯಾಕೆ ಅಂತ ಕೇಳೋರು ಇರ್ತಾರೆ. 2021ರಲ್ಲಿ ಕ್ರೋಮ್, ಫೈರ್‌ಫಾಕ್ಸ್ ಎರಡೂ ಅದನ್ನು ಕೈಬಿಟ್ಟವು, ಗೊತ್ತು. ಲಿಂಕ್ ಕಳಿಸಿ ಅಂತ ಒಂದು ಸೀಸನ್ ಮಾಡಿ ನೋಡಿದೆವು. ಇಬ್ಬರು ಹುಡುಗರು ರಾತ್ರಿಯಿಡೀ ಲಿಂಕ್ ಒತ್ತಿ ಡೌನ್‌ಲೋಡ್ ಮಾಡ್ತಾ ಕೂತಿದ್ದರು. ಎಫ್‌ಟಿಪಿಯಲ್ಲಾದರೆ ಗಿರಾಕಿಯ ಫೋಲ್ಡರಿಗೆ ಬಿದ್ದ ಫೈಲು ನೇರವಾಗಿ ಪ್ರಿಂಟಿಂಗ್‌ಗೆ ಹೋಗುತ್ತೆ. ಅಷ್ಟೇ ಕಾರಣ.

ಮೊದಲು ಇದ್ದಿದ್ದು ಒಂದೇ ಸರ್ವರ್. ಹತ್ತೂವರೆಗೆ ಅದು ಏದುಸಿರು ಬಿಡೋದು. 200 ಎಂಬಿಪಿಎಸ್ ಲೈನು ಅಂದ್ರೆ ಸೆಕೆಂಡಿಗೆ 25 ಎಂಬಿ ತರ್ತಿದೆ, ಡಿಸ್ಕಿಗೆ ಅದೇನು ಜಾಸ್ತಿ ಅಲ್ಲ ಅನ್ನಿಸುತ್ತೆ. ಆದರೆ ನೂರು ಜನ ಒಟ್ಟಿಗೆ ಬರೀತಿರ್ತಾರೆ, ಜೊತೆಗೆ ವೈರಸ್ ಸ್ಕ್ಯಾನ್ ಅದೇ ಫೈಲ್ ಓದುತ್ತೆ, ಥಂಬ್‌ನೇಲ್ ಮಾಡೋ ಸ್ಕ್ರಿಪ್ಟ್ ಮತ್ತೆ ಓದುತ್ತೆ, ಪ್ರಿಂಟಿಂಗ್ ಕಡೆಗೆ ಕಾಪಿ ಆಗೋವಾಗ ಮತ್ತೊಮ್ಮೆ. ಹಾರ್ಡ್ ಡಿಸ್ಕಿನ ಮುಳ್ಳು ಅಲ್ಲಿಂದಿಲ್ಲಿಗೆ ಓಡಾಡಿ ಸತ್ತೇ ಹೋಗ್ತಿತ್ತು. ಐಒ ವೇಟ್, ಅಂದ್ರೆ ಡಿಸ್ಕಿಗಾಗಿ ಸಿಪಿಯು ಕಾಯೋ ಹೊತ್ತು, 60, 70 ಪರ್ಸೆಂಟ್ ತೋರಿಸೋದು.

ಸಾವ್ಕಾರ್ರು ಒಂದು ಕಂಪನಿಯಿಂದ ಕೊಟೇಶನ್ ತರಿಸಿದರು. ಆರೂವರೆ ಲಕ್ಷ, ಮೇಲೆ ವರ್ಷವರ್ಷ ಎಎಂಸಿ. ಬಂದಿದ್ದ ಇಂಜಿನಿಯರ್‌ಗೆ ನಾನು "ಸರ್, ಹಳೇ ಡೆಸ್ಕ್‌ಟಾಪ್ ಮೂರು ತಂದು ಮುಂದೆ ಎಚ್‌ಎ ಪ್ರಾಕ್ಸಿ ಕೂರಿಸಿದ್ರೆ?" ಅಂದೆ. ಬಂದ ಕನೆಕ್ಷನ್‌ಗಳನ್ನು ಹಿಂದಿನ ಮಷೀನ್‌ಗಳಿಗೆ ಹಂಚೋ ಸಾಫ್ಟ್‌ವೇರ್ ಅದು. ಅವರು ನಕ್ಕು, "ಎಫ್‌ಟಿಪಿನ ಹಂಗ ಹಂಚಾಕ ಬರೂದಿಲ್ಲರೀ, ಅದಕ್ಕ ಎರಡು ಕನೆಕ್ಷನ್ ಇರ್ತಾವು" ಅಂದರು. ಬೆಂಗಳೂರಲ್ಲಿರೋ ಸಾವ್ಕಾರ್ರ ಅಳಿಯನೂ ಫೋನಿನಲ್ಲಿ ಅದನ್ನೇ ಹೇಳಿದ. ಮಾತು ಸುಳ್ಳಲ್ಲ: ಲಾಗಿನ್, ಆಜ್ಞೆಗಳಿಗೆ ಒಂದು ಕಂಟ್ರೋಲ್ ಕನೆಕ್ಷನ್, ಫೈಲಿಗೆ ಇನ್ನೊಂದು ಡೇಟಾ ಕನೆಕ್ಷನ್. ಆದರೆ ಎರಡು ಕನೆಕ್ಷನ್ ಇದ್ದರೆ ಎರಡನ್ನೂ ಹಿಡಿದರಾಯ್ತು, ಅಲ್ವಾ?

ಮೊದಲು ಸೋಮಾರಿ ದಾರಿ ಹಿಡಿದೆ. ಸರ್ವರ್ ಹೆಸರಿಗೆ ಐಪಿ ವಿಳಾಸ ಹೇಳೋ ಡಿಎನ್‌ಎಸ್‌ನಲ್ಲಿ ಒಂದೇ ಹೆಸರಿಗೆ ಎರಡು ಐಪಿ. ಎರಡನೇ ಮಷೀನ್ ಒಂದು ರಾತ್ರಿ ಸತ್ತಾಗ ಅರ್ಧ ಜನಕ್ಕೆ ಬಾಗಿಲು ಹಾಕಿದ ಹಾಗಾಯ್ತು, ಟಿಟಿಎಲ್ (ಆ ವಿಳಾಸ ನೆನಪಿಡೋ ಅವಧಿ) ಕಡಿಮೆ ಇಟ್ಟರೂ ಕೆಲವರ ರೂಟರ್ ಕೇಳಲೇ ಇಲ್ಲ. ಆ ಅಧ್ಯಾಯ ಅಲ್ಲಿಗೆ ಬಿಡೋಣ.

ಆಮೇಲೆ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ಸೆಕೆಂಡ್ ಹ್ಯಾಂಡ್ ಐ5 ಡಬ್ಬಿ ಮೂರು ತಂದೆ, ಒಂದಕ್ಕೆ ಹದಿಮೂರು ಸಾವಿರ ಇರಬೇಕು. ಎಚ್‌ಎ ಪ್ರಾಕ್ಸಿಯಲ್ಲಿ ಕಂಟ್ರೋಲ್ ಕನೆಕ್ಷನ್ ಬರೋ 21ನೇ ಪೋರ್ಟ್ ಹಂಚಿದೆ, ಲಾಗಿನ್ ಆಯ್ತು, ಖುಷಿ ಪಟ್ಟೆ. ಡೈರೆಕ್ಟರಿ ಲಿಸ್ಟ್ ಬರಲೇ ಇಲ್ಲ. ಡಬ್ಬಿಯಲ್ಲಿದ್ದ ಎಫ್‌ಟಿಪಿ ಸಾಫ್ಟ್‌ವೇರ್ ವಿಎಸ್‌ಎಫ್‌ಟಿಪಿಡಿ ತನ್ನ ಒಳಗಿನ ವಿಳಾಸ ಹೇಳ್ತಿತ್ತು: ಡೇಟಾಗೆ ಎಲ್ಲಿ ಬರಬೇಕು ಅಂತ ತಿಳಿಸೋ 227 ಉತ್ತರದಲ್ಲಿ 192,168,1,12,117,60 ಅಂತ. ಕೊನೆ ಎರಡರ ಲೆಕ್ಕ 117×256+60, ಅಂದ್ರೆ 30012ನೇ ಪೋರ್ಟ್. ಲ್ಯಾಬಿನ ಒಳಗೆ ಮಾತ್ರ ನಡೆಯೋ 192.168ಕ್ಕೆ ಹೊರಗಿನವನು ಹೇಗೆ ಬರ್ತಾನೆ? ತಮಾಷೆ ಏನಂದ್ರೆ ಗಿರಾಕಿಗಳ ಕಡೆಯ ಎಫ್‌ಟಿಪಿ ಸಾಫ್ಟ್‌ವೇರ್ ಫೈಲ್‌ಜಿಲ್ಲಾ ಆ ವಿಳಾಸ ಸರಿ ಇಲ್ಲ ಅಂತ ಗುರುತಿಸಿ ತಾನೇ ಸರ್ವರ್ ವಿಳಾಸಕ್ಕೆ ಹೋಗುತ್ತೆ. ಅದರಿಂದ ಬಂದವರು ಹೇಗಾದರೂ ಮಾಡಿ ಆ ಪೋರ್ಟಿಗೆ ಬಂದು ಬಾಗಿಲು ತಟ್ಟಿದರು, ಆದರೆ ಅಲ್ಲಿ ಬ್ಯಾಲೆನ್ಸರ್ ಕೇಳಿಸಿಕೊಳ್ತಾನೇ ಇರಲಿಲ್ಲ.

ಪರಿಹಾರ ಹೊಸದೇನಲ್ಲ, ಆದರೆ ಯಾರೂ ನನಗೆ ನೆಟ್ಟಗೆ ಹೇಳಲಿಲ್ಲ. ಮೂರೂ ಮಷೀನಿನ ಪ್ಯಾಸಿವ್ ಅಡ್ರೆಸ್ (ಡೇಟಾಗೆ ಗಿರಾಕಿಯೇ ಬರಬೇಕಾದ ವಿಳಾಸ) ಅಂತ ಬ್ಯಾಲೆನ್ಸರಿನ ಪಬ್ಲಿಕ್ ಐಪಿ ಕೊಡಿ. ಪೋರ್ಟ್ ರೇಂಜ್ ಮಾತ್ರ ಒಬ್ಬೊಬ್ಬರಿಗೆ ಬೇರೆ: ಒಂದನೆಯದಕ್ಕೆ 30000ದಿಂದ 30999, ಎರಡನೆಯದಕ್ಕೆ 31000, ಮೂರನೆಯದಕ್ಕೆ 32000. ಎಚ್‌ಎ ಪ್ರಾಕ್ಸಿಯಲ್ಲಿ ಆ ಮೂರು ರೇಂಜನ್ನು ನೇರವಾಗಿ ಆಯಾ ಮಷೀನಿಗೆ ಕಟ್ಟಿ, ಸರ್ವರ್ ಸಾಲಿನಲ್ಲಿ ಪೋರ್ಟ್ ಬರೀಬೇಡಿ. ಬರೀದೇ ಬಿಟ್ಟರೆ ಬಂದ ಪೋರ್ಟೇ ಒಳಗೂ ಹೋಗುತ್ತೆ. ಹಂಚೋದು 21ರಲ್ಲಿ ಮಾತ್ರ. ಡೇಟಾ ಕನೆಕ್ಷನ್ ತನ್ನ ಪೋರ್ಟ್ ನಂಬರಿನಿಂದಲೇ ತನ್ನ ಮನೆಗೆ ಹೋಗುತ್ತೆ. ಮಾತನ್ನು ಗುಟ್ಟು ಮಾಡೋ ಟಿಎಲ್‌ಎಸ್ ಹಾಕಿದರೂ ನಡೆಯುತ್ತೆ, ಯಾಕಂದ್ರೆ ಮಧ್ಯದಲ್ಲಿ ಯಾರೂ ಮಾತು ಓದಬೇಕಿಲ್ಲ. ಅದಕ್ಕೂ ಮೊದಲು ಲಿನಕ್ಸ್‌ನದೇ ಬ್ಯಾಲೆನ್ಸರ್ ಎಲ್‌ವಿಎಸ್‌ನ, ಮಾತು ಓದಿ ವಿಳಾಸ ಬದಲಿಸೋ ಎಫ್‌ಟಿಪಿ ಮಾಡ್ಯೂಲ್ ಹಾಕಿ ನೋಡಿದ್ದೆ. ಪ್ಲೇನ್ ಎಫ್‌ಟಿಪಿಗೆ ಚೆನ್ನಾಗಿತ್ತು, ಟಿಎಲ್‌ಎಸ್ ಬಂದ ಕೂಡಲೇ ಕುರುಡಾಯ್ತು.

1971ರಲ್ಲಿ ಎಫ್‌ಟಿಪಿಯ ಮೊದಲ ಆರ್‌ಎಫ್‌ಸಿ (ನಿಯಮಗಳ ದಾಖಲೆ) ಬರೆದದ್ದು ಅಭಯ್ ಭೂಷಣ್, ಕಾನ್ಪುರ ಐಐಟಿಯಲ್ಲಿ ಓದಿದವರು. ಆಗ ಒಂದು ಪಬ್ಲಿಕ್ ಐಪಿ ಹಿಂದೆ ಹಲವು ಮಷೀನ್ ಇಡೋ ನ್ಯಾಟ್ ಅನ್ನೋದೇ ಇರಲಿಲ್ಲ, ಪಾಪ ಅವರನ್ನು ಬೈದು ಪ್ರಯೋಜನ ಇಲ್ಲ. ಬೈದಿದ್ದೀನಿ, ಅದು ಬೇರೆ.

ಓಡ್ತು ಅಂತ ಸಾವ್ಕಾರ್ರಿಗೆ ಹೇಳಿದ ಮೂರನೇ ದಿನ ಎಲ್ಲರೂ ಹೊರಗೆ. ಪ್ರಾಕ್ಸಿ ಹಿಂದೆ ಕೂತ ಸರ್ವರಿಗೆ ಎಲ್ಲಾ ಗಿರಾಕಿಗಳೂ ಒಂದೇ ಐಪಿಯಿಂದ ಬಂದ ಹಾಗೆ ಕಾಣುತ್ತೆ. ಯಾರೋ ಪಾಸ್‌ವರ್ಡ್ ಐದಾರು ಸಲ ತಪ್ಪು ಹೊಡೆದರು, ಫೇಲ್‌ಟುಬ್ಯಾನ್ ಅನ್ನೋ ಕಾವಲು ಸಾಫ್ಟ್‌ವೇರ್ ಶ್ರದ್ಧೆಯಿಂದ ಆ ಐಪಿಯನ್ನು ಬ್ಯಾನ್ ಮಾಡ್ತು. ಅದು ನನ್ನದೇ ಬ್ಯಾಲೆನ್ಸರ್! ಒಂದು ಐಪಿಗೆ ಇಷ್ಟೇ ಕನೆಕ್ಷನ್ ಅಂತ ಹಿಂದೆ ಯಾವಾಗಲೋ ಹಾಕಿದ್ದ ಮಿತಿಯೂ ಅದೇ ವಾರ ಕಚ್ಚಿತು, 421 ಎರರ್ ಕೊಟ್ಟು ಎಲ್ಲರಿಗೂ ಬಾಗಿಲು ಹಾಕ್ತು. ಎರಡೂ ಕಾವಲನ್ನು ಈಗ ಬ್ಯಾಲೆನ್ಸರಿನಲ್ಲೇ ಇಟ್ಟಿದ್ದೀನಿ.

ಆದರೆ ದುಡ್ಡು ತಿಂದದ್ದು ಬೇರೆ. ಒಂದು ಬೆಳಿಗ್ಗೆ ಪ್ರಿಂಟಿಂಗ್ ಹುಡುಗ ಬಂದು, "ಅಣ್ಣಾ, ಮದುಮಗಳ ಮುಖ ಐತಿ, ಸೀರೆ ಇಲ್ಲ" ಅಂದ. ಹಾಳೆಯ ಕೆಳಗಿನ ಅರ್ಧ ಬೂದು ಬಣ್ಣ. ಅರ್ಧ ಬಂದ ಜೆಪೆಗ್ ಹಾಗೇ ಪ್ರಿಂಟ್ ಆಗಿ ಬೈಂಡಿಂಗ್‌ವರೆಗೂ ಹೋಗಿತ್ತು. ಆ ವಾರದಲ್ಲಿ ಅಂಥವು ಏಳೋ ಎಂಟೋ, ರೀಪ್ರಿಂಟ್ ಖರ್ಚೇ ಮೂವತ್ತು ಸಾವಿರ ದಾಟಿತು. ವಿಚಿತ್ರ ಅಂದ್ರೆ ಫೈಬರ್ ಇದ್ದವರಿಗೆ ಯಾರಿಗೂ ಹೀಗಾಗಿರಲಿಲ್ಲ, ಎಲ್ಲಾ ಮೊಬೈಲ್ ಹಾಟ್‌ಸ್ಪಾಟಿನವರು. ಮೂರು ರಾತ್ರಿ ಲಾಗ್ ಓದಿ ಹಿಡಿದೆ. ಎಲ್ಲಿಂದಲೋ ಕಾಪಿ ಹೊಡೆದ ಕಾನ್ಫಿಗ್‌ನಲ್ಲಿ ಕ್ಲೈಂಟ್ ಟೈಮ್‌ಔಟ್ 50 ಸೆಕೆಂಡ್ ಇತ್ತು. 20 ಎಂಬಿ ಫೈಲ್ 2 ಎಂಬಿಪಿಎಸ್‌ನಲ್ಲಿ ಹೋಗೋಕೆ 80 ಸೆಕೆಂಡ್ ಬೇಕು. ಅಷ್ಟೂ ಹೊತ್ತು ಡೇಟಾ ಕನೆಕ್ಷನ್ ಬೆವರು ಸುರಿಸ್ತಿದ್ದರೆ ಕಂಟ್ರೋಲ್ ಕನೆಕ್ಷನ್ ಬಾಯಿ ಮುಚ್ಚಿಕೊಂಡು ಕೂತಿರುತ್ತೆ. ಎಚ್‌ಎ ಪ್ರಾಕ್ಸಿ ಅದನ್ನು ಸತ್ತಿದೆ ಅಂದುಕೊಂಡು ಕತ್ತರಿಸ್ತಿತ್ತು. 10 ಎಂಬಿಪಿಎಸ್‌ನವನ ಫೈಲು 16 ಸೆಕೆಂಡಿಗೇ ಮುಗಿಯೋದು, ಅವನಿಗೆ ಗೊತ್ತೇ ಆಗ್ತಿರಲಿಲ್ಲ.

ಟೈಮ್‌ಔಟ್ ಎರಡು ಗಂಟೆ ಮಾಡಿ, ಸುಮ್ಮನಿರೋ ಕನೆಕ್ಷನ್ ಬದುಕಿದೆಯಾ ಅಂತ ಆಗಾಗ ತಟ್ಟಿ ನೋಡೋ ಟಿಸಿಪಿ ಕೀಪ್‌ಅಲೈವ್ ಹಾಕಿದೆ. ಲಿನಕ್ಸ್‌ನಲ್ಲಿ ಅದರ ಡಿಫಾಲ್ಟ್ 7200 ಸೆಕೆಂಡ್, ಅದರಿಂದ ಏನೂ ಉಪಯೋಗ ಇಲ್ಲ, ಇಳಿಸಲೇಬೇಕು. ಜೊತೆಗೆ ಫೈಲು ನೇರವಾಗಿ ಪ್ರಿಂಟಿಂಗ್ ಫೋಲ್ಡರಿಗೆ ಹೋಗೋದು ನಿಲ್ಲಿಸಿದೆ. ಮೊದಲು ಎಸ್‌ಎಸ್‌ಡಿಗೆ ಇಳಿಯುತ್ತೆ, ಕೊನೆಯ ಎರಡು ಬೈಟ್ ಎಫ್‌ಎಫ್ ಡಿ9 (ಜೆಪೆಗ್ ಮುಗಿದ ಗುರುತು) ಇದ್ದರೆ ಮಾತ್ರ ಮುಂದಕ್ಕೆ. ಎರಡು ಬೈಟಿನ ಈ ಪರೀಕ್ಷೆ ಬರೆಯೋಕೆ ಹತ್ತು ನಿಮಿಷ ಸಾಕಿತ್ತು, ಬುದ್ಧಿ ಬರೋಕೆ ಮೂವತ್ತು ಸಾವಿರ ಬೇಕಾಯ್ತು.

ಈಗ ಹಂಚಿಕೆಯ ವಿಷಯ. ಸೋರ್ಸ್ ಐಪಿ (ಗಿರಾಕಿ ಬಂದ ವಿಳಾಸ) ನೋಡಿ ಹಂಚೋದು ಮೊದಲು ಮಾಡಿದೆ. ಮೊಬೈಲ್‌ನವರು ನೂರಾರು ಜನ ಒಂದೇ ಪಬ್ಲಿಕ್ ಐಪಿ ಹಿಂದೆ ಇರ್ತಾರೆ, ಎಲ್ಲಾ ಎರಡನೇ ಡಬ್ಬಿಗೇ ಬಿದ್ದರು, ಉಳಿದೆರಡು ನಿದ್ದೆ. ಸರಿ ಅಂತ ಲೀಸ್ಟ್ ಕನೆಕ್ಷನ್, ಅಂದ್ರೆ ಕಡಿಮೆ ಜನ ಇರೋ ಡಬ್ಬಿಗೆ ಕಳಿಸೋದು, ಹಾಕಿದೆ. ಪುಸ್ತಕದ ಪ್ರಕಾರ ಅದೇ ಸರಿ. ಒಂದು ಶನಿವಾರ ರಾತ್ರಿ ಮೂರನೇ ಡಬ್ಬಿಯ ಡಿಸ್ಕ್ ತುಂಬಿತು. ಲಾಗಿನ್ ಆಗುತ್ತೆ, ಬರೆಯೋಕೆ ಹೋದರೆ ಎರರ್, ಗಿರಾಕಿ ಹೊರಗೆ. ಹೊರಗೆ ಹೋದ ಅಂದ್ರೆ ಕನೆಕ್ಷನ್ ಕಡಿಮೆ, ಕನೆಕ್ಷನ್ ಕಡಿಮೆ ಅಂದ್ರೆ ಬ್ಯಾಲೆನ್ಸರ್ ಇನ್ನೂ ನಾಲ್ಕು ಜನರನ್ನು ಅಲ್ಲಿಗೇ ಕಳಿಸುತ್ತೆ. ಮದುವೆ ಊಟದಲ್ಲಿ ಅನ್ನ ಖಾಲಿಯಾದ ಪಂಕ್ತಿ ಬೇಗ ಎದ್ದು ಹೋಗುತ್ತಲ್ಲ, ಜಾಗ ಇದೆ ಅಂತ ಬಂದವರನ್ನೆಲ್ಲಾ ಅಲ್ಲೇ ಕೂರಿಸಿದ ಹಾಗೆ. ಡಬ್ಬಿ ಬದುಕಿದೆಯಾ ಅಂತ ನೋಡೋ ಹೆಲ್ತ್ ಚೆಕ್ ಮಾತ್ರ ಹಸಿರು. ನನ್ನ ಫೋನು ರಾತ್ರಿ ಎರಡರವರೆಗೆ ಬಡಕೊಂಡಿತು.

ಕೊನೆಗೆ ಕೈ ಹಿಡಿದಿದ್ದು ಏಜೆಂಟ್ ಚೆಕ್. ಪ್ರತಿ ಡಬ್ಬಿಯಲ್ಲೂ ಇಪ್ಪತ್ತು ಸಾಲಿನ ಶೆಲ್ ಸ್ಕ್ರಿಪ್ಟ್ ಒಂದು ಪೋರ್ಟಿನಲ್ಲಿ ಕೂತಿರುತ್ತೆ. ಐದು ಸೆಕೆಂಡಿಗೊಮ್ಮೆ ಎಚ್‌ಎ ಪ್ರಾಕ್ಸಿ ಬಂದು ಹೇಗಿದ್ದೀಯ ಅಂತ ಕೇಳುತ್ತೆ, ಅದು 80% ಅಂತಲೋ 30% ಅಂತಲೋ ಹೇಳುತ್ತೆ, ಅಷ್ಟಕ್ಕೆ ತಕ್ಕ ಹಾಗೆ ಆ ಡಬ್ಬಿಗೆ ಬರೋ ಪಾಲು ಬದಲಾಗುತ್ತೆ. ಡಿಸ್ಕ್ ಜಾಗ ಹತ್ತು ಪರ್ಸೆಂಟಿಗಿಂತ ಕಡಿಮೆಯಾದರೆ "ಡ್ರೈನ್" ಅನ್ನುತ್ತೆ, ಹೊಸಬರು ಬರಲ್ಲ. ಯಾವ ಐಪಿ ಯಾವ ಡಬ್ಬಿಗೆ ಅಂತ ನೆನಪಿಡೋ ಸ್ಟಿಕ್ ಟೇಬಲ್‌ನಲ್ಲಿ ಹೆಸರು ಇರೋ ಹಳಬರಿಗೆ ಡ್ರೈನ್‌ನಲ್ಲೂ ಬಾಗಿಲು ತೆರೆದಿರುತ್ತೆ, ಹಾಗಾಗಿ ಅರ್ಧಕ್ಕೆ ನಿಂತ ಅಪ್‌ಲೋಡ್ ಮುಂದುವರಿಸೋರು ತಮ್ಮ ಡಬ್ಬಿಗೇ ವಾಪಸ್ ಹೋಗ್ತಾರೆ. ಐಒ ವೇಟ್, ಜಾಗ, ಸ್ಕ್ಯಾನ್ ಸಾಲಿನ ಉದ್ದ, ಈ ಮೂರನ್ನು ಯಾವ ಪ್ರಮಾಣದಲ್ಲಿ ಬೆರೆಸಿದ್ದೀನಿ ಅನ್ನೋದು ನನ್ನ ಹತ್ತಿರವೇ ಇರಲಿ. ಒಂದು ಸುಳಿವು ಕೊಡ್ತೀನಿ, ಸಿಪಿಯು ಲೋಡ್ ಅದರಲ್ಲಿ ಇಲ್ಲವೇ ಇಲ್ಲ. ದಾರಿಯಲ್ಲಿ ಐಪಿ ಬದಲಾದವನ ಅರ್ಧ ಫೈಲು ಬೇರೆ ಡಬ್ಬಿಯಲ್ಲಿ ಸಿಕ್ಕಿಹಾಕಿಕೊಂಡರೆ ಅದನ್ನು ತರೋಕೂ ಒಂದು ಉಪಾಯ ಇದೆ, ಅದೂ ಇವತ್ತಿಗೆ ಬೇಡ.

ನಡುವೆ ಹುಚ್ಚಾಟಗಳೂ ಆದವು. ಅಂಗೈಯಗಲದ ಕಂಪ್ಯೂಟರ್ ರಾಸ್ಪ್‌ಬೆರಿ ಪೈ 4ರಲ್ಲಿ ಬ್ಯಾಲೆನ್ಸರ್ ಇಟ್ಟು ನೋಡಿದೆ. ನಂಬ್ತೀರೋ ಇಲ್ಲವೋ, 200 ಎಂಬಿಪಿಎಸ್ ಸಲೀಸಾಗಿ ದಾಟಿಸ್ತು. ಲಾಗ್ ಬರೆದು ಬರೆದು ಮೆಮೊರಿ ಕಾರ್ಡ್ ಎರಡೇ ತಿಂಗಳಿಗೆ ಹೋಯ್ತು. ಮೂರಕ್ಕೂ ನೆಟ್‌ವರ್ಕ್ ಮೂಲಕ ಒಂದೇ ಎನ್‌ಎಫ್‌ಎಸ್ ಡಿಸ್ಕ್ ಕೊಟ್ಟು ನೋಡಿದೆ, ಮತ್ತೆ ಒಂದೇ ಡಿಸ್ಕಿನ ಮೇಲೆ ಎಲ್ಲರೂ, ಹಂಚಿದ್ದೇ ಸುಳ್ಳಾಯ್ತು. ಫೈಲು ಕಳಿಸೋ ಇನ್ನೊಂದು ದಾರಿ ಎಸ್‌ಎಫ್‌ಟಿಪಿ, ಅದಕ್ಕೆ ಒಂದೇ ಪೋರ್ಟು, ಎಷ್ಟು ಸುಲಭ ಅಂತ ಅದಕ್ಕೂ ಕೈ ಹಾಕಿದೆ. ಮೂರು ಡಬ್ಬಿಗೆ ಒಂದೇ ಹೋಸ್ಟ್ ಕೀ (ಸರ್ವರಿನ ಗುರುತು) ಇಡೋದು ಮರೆತು, "ನಿಮ್ಮ ಸರ್ವರ್ ಯಾರೋ ಹ್ಯಾಕ್ ಮಾಡ್ಯಾರ ಅಂತ ಬರಾಕತ್ತೈತ್ರೀ" ಅಂತ ಒಂದೇ ಸಂಜೆ ನಲವತ್ತು ಫೋನು. ಹೊಸ ಹುಡುಗರು ಈಗ ಅದರಲ್ಲೇ ಬರ್ತಾರೆ, ಹಳಬರು ಬದಲಾಗಲ್ಲ.

ಖರ್ಚು ನೆನಪಿದ್ದಷ್ಟು: ಡಬ್ಬಿ ಮೂರಕ್ಕೆ 39,000, ನಾಲ್ಕು ಟಿಬಿ ಡಿಸ್ಕ್ ಮೂರು 27,000 ಆಸುಪಾಸು, ಎಸ್‌ಎಸ್‌ಡಿಗೆ ಹತ್ತೋ ಹನ್ನೊಂದೋ ಸಾವಿರ, ಬ್ಯಾಲೆನ್ಸರ್‌ಗೆ ಒಂದು ಹಳೇ ಮಿನಿ ಪಿಸಿ 9,000, ಸ್ವಿಚ್‌ಗೆ ಐದು ಸಾವಿರ. ಇನ್ನೊಂದು ಬ್ಯಾಲೆನ್ಸರ್ ಲ್ಯಾಬಿನ ಮೂಲೆಯಲ್ಲಿ ಬಿದ್ದಿದ್ದೇ, ಒಂದು ಸತ್ತರೆ ಕೀಪ್‌ಅಲೈವ್ಡ್ ಅನ್ನೋ ಸಾಫ್ಟ್‌ವೇರ್ ಐಪಿಯನ್ನು ಇನ್ನೊಂದಕ್ಕೆ ಕೊಡುತ್ತೆ. ಲಕ್ಷದ ಒಳಗೆ ಮುಗೀತು. ಬೂದು ಸೀರೆಯ ಮೂವತ್ತು ಸಾವಿರ ಸೇರಿಸಿದರೂ ಆರೂವರೆ ಲಕ್ಷ ಎಲ್ಲಿ, ಇದೆಲ್ಲಿ.

ಸಾವ್ಕಾರ್ರ ಅಳಿಯ ಹೋದ ತಿಂಗಳು ಫೋನ್ ಮಾಡಿ, "ಅಣ್ಣಾ, ಆ ಏಜೆಂಟ್ ಸ್ಕ್ರಿಪ್ಟ್ ಸ್ವಲ್ಪ ಕಳಿಸ್ತೀರಾ, ನಮ್ಮ ಆಫೀಸಲ್ಲಿ ನೋಡ್ಬೇಕಿತ್ತು" ಅಂದ. ಕಳಿಸಿದೆ, ಪ್ರಮಾಣದ ಅಂಕಿ ಮಾತ್ರ ತೆಗೆದು.

ಇನ್ನೂ ಬಗೆಹರಿಯದ್ದು ಆಕ್ಟಿವ್ ಮೋಡ್‌ನವರು. ಅದರಲ್ಲಿ ಡೇಟಾಗೆ ಸರ್ವರೇ ಗಿರಾಕಿಯ ಮಷೀನಿಗೆ ಹೋಗಬೇಕು. ಮೂರೇ ಜನ ಇದ್ದಾರೆ, ಯಾವುದೋ ಓಬೀರಾಯನ ಕಾಲದ ಸಾಫ್ಟ್‌ವೇರು, ಬಿಡಲ್ಲ. ಅವರಲ್ಲಿ ರಾಣೆಬೆನ್ನೂರಿನ ಹಿರಿಯರೊಬ್ಬರಿಗೆ ಫೋನಿನಲ್ಲಿ ಪ್ಯಾಸಿವ್ ಮೋಡ್ ಹೇಳಿಕೊಡೋಕೆ ಮೂರು ಸಲ ಪ್ರಯತ್ನಿಸಿದೆ. ಈಗ ಅವರು ಪೆನ್‌ಡ್ರೈವನ್ನು ಕವರಿನಲ್ಲಿ ಹಾಕಿ ಬೆಳಗಿನ ಬಸ್ಸಿನ ಕಂಡಕ್ಟರ್ ಕೈಗೆ ಕೊಡ್ತಾರೆ, ನಮ್ಮ ಹುಡುಗ ಬಸ್‌ಸ್ಟ್ಯಾಂಡಿಗೆ ಹೋಗಿ ತರ್ತಾನೆ.