ಹಳೇ ಪದ್ಮಿನಿಗೆ ಬೋರ್ ನೀರು ಕುಡಿಸಬೇಡಿ

ಸಿಲ್ಕ್ ಬೋರ್ಡ್ ಜಾಮ್‌ನಲ್ಲಿ ಸ್ವಲ್ಪ ಹೊತ್ತು ನಿಂತರೆ ಸಾಕು, ಹಳೇ ಪ್ರೀಮಿಯರ್ ಪದ್ಮಿನಿ, ಅಂಬಾಸಡರ್‌ಗಳ ಟೆಂಪರೇಚರ್ ಮುಳ್ಳು ಏರತೊಡಗುತ್ತದೆ. ಆಗ ನಾವು ಮಾಡುವುದು ಒಂದೇ, ಸಿಕ್ಕ ನೀರು ತಂದು ಸುರಿಯುವುದು. ನಾನೂ ವರ್ಷಗಟ್ಟಲೆ ಬೋರ್ ನೀರನ್ನೇ ಸುರಿದೆ. ಕೊನೆಗೆ ರೇಡಿಯೇಟರ್ (ಎಂಜಿನ್ನಿನ ಬಿಸಿನೀರನ್ನು ತಣಿಸುವ ಜಾಲರಿ) ಬಿಚ್ಚಿಸಿದರೆ, ಗೀಸರ್ ಕಾಯಿಲ್ ಮೇಲೆ ಕಟ್ಟಿಕೊಳ್ಳುತ್ತಲ್ಲ, ಅಂಥದೇ ಬಿಳಿ ಹಕ್ಕಳೆ ಒಳಗೆಲ್ಲ ತುಂಬಿತ್ತು.

ಅದನ್ನು ತೊಳೆಯುವುದು ಹೀಗೆ: ಮೊದಲು ಎಂಜಿನ್ ಪೂರ್ತಿ ತಣ್ಣಗಾಗಲಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆದರೆ ಮುಖಕ್ಕೇ ಕುದಿನೀರು. ಹಳೇ ನೀರನ್ನು ಬಕೆಟ್‌ಗೆ ಇಳಿಸಿ. ಕೂಲೆಂಟ್ (ಎಂಜಿನ್ ತಣಿಸಲು ನೀರಿಗೆ ಬೆರೆಸುವ ದ್ರವ) ಬೆರೆತಿದ್ದರೆ ಮೋರಿಗೆ ಚೆಲ್ಲಬೇಡಿ, ಅದು ಸಿಹಿ, ಬೀದಿ ನಾಯಿ ನೆಕ್ಕಿದರೆ ಸತ್ತೇ ಹೋಗುತ್ತದೆ. ಆಮೇಲೆ ಎರಡೂ ಹೋಸ್ ಬಿಚ್ಚಿ, ರೇಡಿಯೇಟರಿನ ಕೆಳಗಿನ ಬಾಯಿಗೆ ಪೈಪ್ ಇಟ್ಟು, ಮೇಲಿನಿಂದ ತಿಳಿನೀರು ಬರುವವರೆಗೂ ಹಾಯಿಸಿ. ತಿಳಿಯಾಗಲೇ ಇಲ್ಲವಾ? ಹಾಗಾದರೆ ಜೆ.ಸಿ. ರಸ್ತೆ ಕಡೆ ಹೋಗಿ ಯಾವುದಾದರೂ ರೇಡಿಯೇಟರ್ ಅಂಗಡಿಯಲ್ಲಿ ಟ್ಯಾಂಕ್ ಬಿಚ್ಚಿಸಿ, ಟ್ಯೂಬ್‌ಗಳಿಗೆ ಕಡ್ಡಿ ಹಾಕಿಸಿ. ಹಳೇದು ತಾಮ್ರ ಹಿತ್ತಾಳೆಯದು, ಮತ್ತೆ ಬೆಸುಗೆ ಹಾಕಬಹುದು.

ಇನ್ನು ಥರ್ಮೋಸ್ಟಾಟ್, ಅಂದರೆ ಎಂಜಿನ್ ಬಿಸಿಯಾಗುವವರೆಗೂ ನೀರನ್ನು ರೇಡಿಯೇಟರ್ ಕಡೆ ಬಿಡದೆ ತಡೆಯುವ ಕವಾಟ. "ನಮ್ಮ ಸೆಕೆಗೆ ಇದ್ಯಾಕೆ ಸಾರ್" ಅಂತ ಕಿತ್ತು ಬಿಸಾಕುವ ಮೆಕಾನಿಕ್‌ಗಳಿದ್ದಾರೆ. ಕೇಳಬೇಡಿ. ಅದಿಲ್ಲದಿದ್ದರೆ ಎಂಜಿನ್ ಬೇಗ ಬಿಸಿಯಾಗುವುದಿಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಬೇಗ ಸವೆಯುತ್ತದೆ. ಪರೀಕ್ಷೆ ಸುಲಭ: ಪಾತ್ರೆಯ ನೀರಲ್ಲಿ ತಳಕ್ಕೆ ತಾಗದ ಹಾಗೆ ದಾರ ಕಟ್ಟಿ ಇಳಿಬಿಟ್ಟು ಕಾಯಿಸಿ. ಅದರ ಮೇಲೆ 82 ಎಂದಿದ್ದರೆ 82 ಡಿಗ್ರಿ ಸುತ್ತಮುತ್ತ ಬಾಯಿ ಬಿಡಬೇಕು. ಕುದ್ದರೂ ಬಿಡದಿದ್ದರೆ ಹೊಸದು ತನ್ನಿ. (ಅಡುಗೆ ಪಾತ್ರೆ ಬೇಡ, ಮನೆಯಲ್ಲಿ ಬೈಗುಳ ಗ್ಯಾರಂಟಿ.)

ಮುಚ್ಚಳವನ್ನು ಯಾರೂ ಲೆಕ್ಕಕ್ಕೇ ಇಡುವುದಿಲ್ಲ. ಬೆಂಗಳೂರು ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ, ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. 7 ಪೌಂಡ್ ಒತ್ತಡದ ಮುಚ್ಚಳ ಆ ಕುದಿಯುವ ಮಟ್ಟವನ್ನು ಸುಮಾರು 10 ಡಿಗ್ರಿ ಮೇಲಕ್ಕೆ ತಳ್ಳುತ್ತದೆ. ರಬ್ಬರ್ ಬಿರುಕು ಬಿಟ್ಟಿದ್ದರೆ ಆ ಲಾಭವೂ ಹೋಯಿತು. ಹಾಗಂತ ಜಾಸ್ತಿ ಒತ್ತಡದ್ದು ಹಾಕಬೇಡಿ, ಹಳೇ ಬೆಸುಗೆ ಬಿಟ್ಟುಕೊಳ್ಳುತ್ತದೆ.

ಫ್ಯಾನ್ ಬೆಲ್ಟನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ, ಅರ್ಧ ಇಂಚು ತಗ್ಗಿದರೆ ಸರಿ.

ಕೊನೆಗೆ ಅರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ವಾಟರ್. ಕಾವೇರಿ ನೀರು ಬೋರ್‌ಗಿಂತ ವಾಸಿ, ಆದರೂ ಬೇಡ. ತಣ್ಣಗಿನ ಎಂಜಿನ್ನನ್ನು ಮುಚ್ಚಳ ತೆಗೆದೇ ಸ್ಟಾರ್ಟ್ ಮಾಡಿ, ಬಿಸಿಯಾಗುತ್ತಾ ಬಂದ ಹಾಗೆ ಒಳಗಿನ ಗಾಳಿ ಗುಳ್ಳೆಯಾಗಿ ಹೊರಬರುತ್ತದೆ, ಮಟ್ಟ ಇಳಿದಷ್ಟು ತುಂಬುತ್ತಾ ಹೋಗಿ. ಗುಳ್ಳೆ ನಿಲ್ಲಲೇ ಇಲ್ಲ ಅಂದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್‌ಗೂ ಅದರ ಮೇಲಿನ ಹೆಡ್‌ಗೂ ನಡುವಿನ ಸೀಲು) ಮೇಲೆ ಅನುಮಾನ. ಎಂಜಿನ್ ಆಫ್ ಮಾಡಿ, ಮೆಕಾನಿಕ್‌ಗೆ ಫೋನ್ ಮಾಡಿ.