ಓಬವ್ವನ ಕೈಗೆ ಒನಕೆ ಕೊಡುವಾಗ

ಓಬವ್ವನ ಮೂರ್ತಿ ಮಾಡುವವರು ಮಣ್ಣು ಕಲಸುವ ಮುಂಚೆ ಚಿತ್ರದುರ್ಗದ ಕೋಟೆ ಹತ್ತಿ ಆ ಕಿಂಡಿಯನ್ನು ನೋಡಿ ಬರಬೇಕು. ಒಬ್ಬ ಮನುಷ್ಯ ಮೈ ಹಿಡಿಮಾಡಿಕೊಂಡು ನುಸುಳುವಷ್ಟೇ ಜಾಗ. ಹೈದರಾಲಿಯ ಸೈನಿಕರು ಅಲ್ಲಿಂದ ಒಬ್ಬೊಬ್ಬರಾಗಿ ತಲೆ ಹಾಕಿದಂತೆ ಅವಳು ಮೇಲಿಂದ ಕುಟ್ಟಿದಳು. ಹಾಗಿದ್ದಮೇಲೆ ಒನಕೆಯನ್ನು ಕತ್ತಿಯಂತೆ ಝಳಪಿಸಿ ದೂರಕ್ಕೆ ನೋಡುವ ಭಂಗಿ ಅವಳದ್ದಲ್ಲ. ಕಾವಲುಗಾರ ಮುದ್ದಹನುಮನ ಹೆಂಡತಿಗೆ ರಾಣಿಯ ಒಡವೆಯೂ ಬೇಡ. ಕಚ್ಚೆ ಸೀರೆ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಬಳೆ ಸಾಕು.

ನಾನು ಮಾಡಿದ್ದು 7 ಅಡಿಯ ಫೈಬರ್ (ಗಾಜಿನ ನಾರು ಮತ್ತು ರೆಸಿನ್ ಎಂಬ ಅಂಟುದ್ರವದ) ಮೂರ್ತಿ. ಎರಡೂ ಕೈಯಲ್ಲಿ ನೆಟ್ಟಗೆ ಎತ್ತಿದ ಒನಕೆ, ನೋಟ ಕೆಳಕ್ಕೆ. 5 ಅಡಿ ಕಟ್ಟೆಯ ಮೇಲೆ ನಿಲ್ಲಿಸಿದರೆ ಕೆಳಗೆ ನಿಂತವರಿಗೆ ಅವಳ ಕಣ್ಣು ನೇರ ಸಿಗುತ್ತದೆ. ಮೊಣಕೈ ಹೊರಕ್ಕೆ ತೆರೆದಿರಲಿ, ಇಲ್ಲದಿದ್ದರೆ ಪಕ್ಕದಿಂದ ಮುಖವೇ ಮುಚ್ಚಿಹೋಗುತ್ತದೆ. ಒನಕೆ ನಡುವೆ ಹಿಡಿತಕ್ಕೆ ಸಣ್ಣಗಿರಬೇಕು, ತುದಿಗೆ ಕಬ್ಬಿಣದ ಅಣಸು (ಬಳೆಯಂಥ ಪಟ್ಟಿ) ಕಾಣಬೇಕು. ಕುಟ್ಟಿ ಗೊತ್ತಿರುವ ಅಜ್ಜಿಯರು ಮೊದಲು ನೋಡುವುದು ಅದನ್ನೇ.

ಮೂರ್ತಿ ಮುರಿಯುವುದೂ ಒನಕೆಯ ಬಳಿಯೇ, ಮಣಿಕಟ್ಟಿನಲ್ಲಿ. ದುರ್ಗದ ಗಾಳಿ ಅಷ್ಟುದ್ದದ ಒನಕೆಯನ್ನು ದಿನವಿಡೀ ಅಲುಗಿಸುತ್ತದೆ. ಬರೀ ಫೈಬರ್ ತಡೆಯದು. ಕಟ್ಟೆಯ 10 ಮಿ.ಮೀ. ದಪ್ಪದ ಕಬ್ಬಿಣದ ತಟ್ಟೆಯಿಂದ ಎರಡೂ ಕಾಲೊಳಗೆ ಒಂದೂವರೆ ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಏರಿಸಿ, ಭುಜದಲ್ಲಿ ಕವಲೊಡೆಸಿ, ಅಂಗೈವರೆಗೆ ವೆಲ್ಡಿಂಗ್ ಮಾಡಿಸಿ. ಒನಕೆ ಟೊಳ್ಳಾಗಿರಲಿ, ಒಳಗಿನ 1 ಇಂಚಿನ ಪೈಪ್ ಕೈಯ ಪೈಪಿಗೇ ಬೆಸೆದಿರಲಿ.

ಮಣ್ಣಿನ ಮೂರ್ತಿಯಿಂದ ತೆಗೆದ ಅಚ್ಚಿಗೆ ಮೇಣ ಸವರಿ, ಜೆಲ್‌ಕೋಟ್ (ಮೂರ್ತಿಯ ಹೊರಮೈಯಾಗುವ ದಪ್ಪ ರೆಸಿನ್) ಬಳಿದು, ಅದು ಬೆರಳಿಗೆ ಅಂಟಿದರೂ ಮೆತ್ತಿಕೊಳ್ಳದ ಹದಕ್ಕೆ ಬಂದಾಗ ಚದರ ಮೀಟರಿಗೆ 450 ಗ್ರಾಂ ತೂಗುವ ಗಾಜಿನ ನಾರಿನ ಮ್ಯಾಟನ್ನು ರೆಸಿನ್‌ನಲ್ಲಿ ತೋಯಿಸಿ ಮೂರು ಪದರ ಹಾಕಿ. ಮಣಿಕಟ್ಟು, ಕಣಕಾಲಿಗೆ ಐದು. ಏಪ್ರಿಲ್ ಬಿಸಿಲಲ್ಲಿ ರೆಸಿನ್ ಬಕೆಟ್‌ನಲ್ಲೇ ಗಟ್ಟಿಯಾಗುತ್ತದೆ. ಒಮ್ಮೆಗೆ 1 ಕೆ.ಜಿ. ಮಾತ್ರ ಕಲಸಿ, ರೆಸಿನ್ ಗಟ್ಟಿಯಾಗಿಸುವ ಹಾರ್ಡನರ್ 1 ಶೇಕಡಾ ಸಾಕು, ಬೆಳಗಿನ ಹೊತ್ತೇ ಕೆಲಸ ಮುಗಿಸಿ. ಗಟ್ಟಿಯಾಗುವುದನ್ನು ಚುರುಕುಗೊಳಿಸುವ ಕೋಬಾಲ್ಟ್ ದ್ರಾವಣವನ್ನು ಮೊದಲು ರೆಸಿನ್‌ಗೆ ಪೂರ್ತಿ ಬೆರೆಸಿ, ಆಮೇಲೆ ಹಾರ್ಡನರ್. ಅವೆರಡನ್ನು ನೇರವಾಗಿ ಸೇರಿಸಿದರೆ ಸಿಡಿದು ಬೆಂಕಿ ಹೊತ್ತುತ್ತದೆ. ಹುಡುಗರ ಕೈಗೆ ಎರಡೂ ಡಬ್ಬಿ ಒಟ್ಟಿಗೆ ಕೊಡಲೇಬೇಡಿ.

ಪಾದದಡಿ ಎರಡು ತೂತು ಬಿಡಿ. ಕೀಲುಗಳಿಂದ ಇಳಿದ ಮಳೆನೀರು ಒಳಗೇ ನಿಂತರೆ ಪೈಪ್ ತುಕ್ಕು ಹಿಡಿಯುತ್ತದೆ, ಹೊರಗೆ ಬಣ್ಣ ಹೊಸದಾಗಿಯೇ ಇರುತ್ತದೆ.